ಉಡಿ ತುಂಬಿ ಕಳಿಸಿದರು

ತುಂಗಭದ್ರೆಯ ಗೇಟು ತೆರೆದರೆ ಹೊಸಪೇಟೆಯವರಿಗೆ ಹಬ್ಬ. ಸಂಜೆಯಾಗುತ್ತಲೇ ಬೈಕು, ಆಟೋ, ಕಾರು ಎಲ್ಲವೂ ಡ್ಯಾಮಿನ ಕಡೆಗೆ. ಧುಮುಕುವ ನೀರಿಗೆ ಬಣ್ಣದ ಲೈಟು ಬಿಟ್ಟಿರುತ್ತಾರೆ, ಜನ ಮಂಡಕ್ಕಿ ಮಿರ್ಚಿ ತಿನ್ನುತ್ತ ಫೋಟೊ ಹಿಡಿಯುತ್ತಾರೆ. ಅದೇ ನೀರು ಹಂಪಿಯ ಬಂಡೆಗಳ ನಡುವೆ ಹಾದು ಕಂಪ್ಲಿ ಮುಟ್ಟುವ ಹೊತ್ತಿಗೆ ಅಲ್ಲಿಯ ಸೇತುವೆ ಮುಳುಗಿರುತ್ತದೆ, ತಗ್ಗಿನ ಓಣಿಗಳಲ್ಲಿ ಜನರ ಪಾತ್ರೆಗಳು ತೇಲುತ್ತಿರುತ್ತವೆ. ಎರಡನ್ನೂ ಒಂದೇ ದಿನ ನೋಡಿದವಳು ನಾನು. ನನಗೆ ಸಿಟ್ಟು ಜಾಸ್ತಿ ಎಂದು ಆಫೀಸಿನಲ್ಲಿ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ.

ನಾನು ಹೊಸಪೇಟೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ನೆರೆ ಬಂದು ಜನ ಮನೆ ಬಿಟ್ಟು ಒಂದು ಕಡೆ ಸೇರಿದಾಗ, ಅಲ್ಲಿ ಹೆಂಗಸರ ಮೇಲೆ ಯಾರೂ ಕೈ ಮಾಡದಂತೆ ನೋಡಿಕೊಳ್ಳುವುದು, ಮಾಡಿದರೆ ಆ ಹೆಂಗಸಿನ ಬೆನ್ನಿಗೆ ನಿಲ್ಲುವುದು ನನ್ನ ಪಾಲಿನ ಕೆಲಸ. ಕಾಗದದ ಮೇಲೆ ಇದಕ್ಕೆ ‘ಲಿಂಗಾಧಾರಿತ ದೌರ್ಜನ್ಯ ತಡೆ ಮತ್ತು ಸ್ಪಂದನೆ’ ಎಂಬ ಬಾಯಿ ತುಂಬುವ ಹೆಸರಿದೆ. ಮಾಡುವಾಗ ಅದು ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಪಾಯಿಖಾನೆಯ ದಾರಿಯಲ್ಲಿ ಬಲ್ಬು ಉರಿಯುತ್ತದೆಯೇ, ಒಂಟಿ ಹೆಂಗಸರು ಮಲಗುವ ಕಡೆ ಯಾರು ಸುಳಿದಾಡುತ್ತಾರೆ ಎಂದು ಕಣ್ಣಿಡುವ ಕೆಲಸ. ಯಾರಾದರೂ ಬಾಯಿ ಬಿಟ್ಟು ಹೇಳಿದರೆ ಕೇಳಿಸಿಕೊಳ್ಳುವುದು, ಅವಳು ಒಪ್ಪದೆ ಅದನ್ನು ಇನ್ನೊಬ್ಬರ ಕಿವಿಗೆ ಹಾಕದಿರುವುದು.

ಈ ಕೊನೆಯದನ್ನು ನಮಗೆ ಕಲಿಸಿದ್ದು ಹಂಪಿಯಲ್ಲಿ. ಬಾಳೆತೋಟದ ಪಕ್ಕದ ಒಂದು ಗೆಸ್ಟ್‌ಹೌಸಿನಲ್ಲಿ ತರಬೇತಿ ಇತ್ತು. ಪೆಟ್ಟು ತಿಂದವಳನ್ನು ‘ಸಂತ್ರಸ್ತೆ’ ಅನ್ನಬೇಕೋ ಬೇಡವೋ ಎಂದು ಒಂದು ಇಡೀ ಮಧ್ಯಾಹ್ನ ಚರ್ಚೆ ನಡೆಯಿತು, ನಡುವೆ ಪಕೋಡ ಬಂತು. ನಮ್ಮ ಸಂಸ್ಥೆಯ ಮುಖ್ಯಸ್ಥರು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಮಾತು ಬರೆದರು. ಒಂದು, ಅವಳ ವಿಷಯ ಅವಳದು, ಅವಳನ್ನು ಕೇಳದೆ ಯಾರಿಗೂ ಹೇಳಬಾರದು. ಎರಡು, ರಾಜಿ ಮಾಡಿಸುವುದು ನಮ್ಮ ಕೆಲಸವಲ್ಲ. ಬರೆದು, ಕೈಗೆ ಹತ್ತಿದ ಬಣ್ಣವನ್ನು ಟಿಶ್ಯೂ ಕಾಗದದಿಂದ ಒರೆಸಿಕೊಂಡರು.

ಆ ಮಳೆಗಾಲ ಕಂಪ್ಲಿಯಲ್ಲಿ ಊರಿನ ವ್ಯಾಪಾರಸ್ಥರೇ ಸೇರಿ ಒಂದು ಕಲ್ಯಾಣ ಮಂಟಪದಲ್ಲಿ ಗಂಜಿ ಕೇಂದ್ರ ನಡೆಸಿದರು. ಅದಕ್ಕೆ ಹಿರಿಯರೆಂದರೆ ಒಬ್ಬ ರೈಸ್ ಮಿಲ್ ಸಾಹುಕಾರರು. ಅವರ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಕೊಡುಗೈ ಮನುಷ್ಯ. ಮಿಲ್ಲಿನ ಅಕ್ಕಿಯನ್ನು ಮೂಟೆ ಮೂಟೆ ತಂದು ಸುರಿದರು, ತಾವೇ ನಿಂತು ಬಡಿಸಿದರು, ಯಾರನ್ನೂ ಜಾತಿ ಕೇಳಲಿಲ್ಲ. ಆದರೆ ಲೈಟುಗಳನ್ನೆಲ್ಲ ದಾನಿಗಳು ನಿಂತು ಫೋಟೊ ತೆಗೆಸಿಕೊಳ್ಳುವ ಸ್ಟೇಜಿಗೆ ಹಾಕಿಸಿದ್ದರು. ಹೆಂಗಸರು ಹಿತ್ತಲಿಗೆ ಹೋಗುವ ದಾರಿ ಕಗ್ಗತ್ತಲೆ. ಹಿತ್ತಲಿಗೆ ಹೋಗುವ ಅಂಜಿಕೆಗೆ ಸಂಜೆಯ ಮೇಲೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಾನು ಜಗಳ ಮಾಡಿ ಎರಡು ಲೈಟು ಹಿಂದಕ್ಕೆ ಹಾಕಿಸಿದೆ. ಸಾಹುಕಾರರು ನಗುತ್ತ, “ಮೇಡಂ ಭಾಳ ಗಟ್ಟಿ ಅದಾರಪ್ಪ” ಎಂದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು, ಅದೇ ಕೊನೆ.

ನಾನು ಹೇಳಹೊರಟವಳು ಮಂಟಪದ ಎಡಗಡೆಯ ಕಂಬದ ಹತ್ತಿರ ಇದ್ದಳು. ಎಮ್ಮಿಗನೂರಿನ ಕಡೆ ಗದ್ದೆಗಳಿಗೆ ನಾಟಿಗೆ ಹೋಗುವ ಹೆಣ್ಣುಮಗಳು, ಮಕ್ಕಳಿರಲಿಲ್ಲ. ಸಂಜೆ ಊಟದ ಸಾಲಿನಲ್ಲಿ ನಿಂತು ಗಂಡನಿಗೆ ಅನ್ನ ತಂದಳು. ಸಾರು ಆರಿ ಹೋಗಿದೆ ಎಂದು ಅವನು ಕೈಯಲ್ಲಿದ್ದ ಸ್ಟೀಲ್ ತಂಬಿಗೆಯಿಂದ ಅವಳ ತಲೆಗೆ ಹೊಡೆದ. ಮನೆಯಲ್ಲಾದರೆ ಗೋಡೆ ಇರುತ್ತದೆ. ಮಂಟಪದಲ್ಲಿ ಗೋಡೆ ಎಂದರೆ ಹಗ್ಗಕ್ಕೆ ಹಾಕಿದ ಒಂದು ಸೀರೆ. ಎಲ್ಲರೂ ನೋಡಿದರು. ಎಲ್ಲರೂ ನೋಡಿದ ಮೇಲೆ ಏನಾಯಿತು ಅನ್ನುತ್ತೀರಿ? ಗದ್ದಲ ಬೇಡವೆಂದು ಕೇಂದ್ರದ ಕಮಿಟಿಯವರು ಅವಳನ್ನು ಎಬ್ಬಿಸಿ ಮುದುಕಿಯರ ಮೂಲೆಗೆ ಕಳಿಸಿದರು. ಅವನು ಕಂಬಕ್ಕೆ ಒರಗಿ ಅದೇ ಅನ್ನವನ್ನು ಉಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹಳೆಯ ವೈದ್ಯ.

ಮರುದಿನ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅವಳ ಪಕ್ಕ ಕುಳಿತೆ. ಹೆಣ್ಣುಮಕ್ಕಳು ಕಣ್ಣಲ್ಲಿ ಕಣ್ಣಿಟ್ಟು ಹೇಳದ್ದನ್ನು ಬಟ್ಟೆ ಹಿಂಡುತ್ತ ಹೇಳುತ್ತಾರೆ. ನದಿಯ ನೀರು ಇಳಿಯುತ್ತಿದೆ ಎಂಬ ಸುದ್ದಿ ಆಗಷ್ಟೇ ಬಂದಿತ್ತು.

“ನೀರು ಇಳಿತೈತಿ ಅಂತ ಎಲ್ಲಾರು ಖುಷಿ ಆಗ್ಯಾರ್ರಿ ಅಕ್ಕಾರ” ಎಂದಳು. “ನಂಗ ಹೆದ್ರಿಕಿ ಆಗೈತಿ. ಇಲ್ಲಿ ನಾಕು ಮಂದಿ ಅದಾರಂತ ತಂಬಗಿಲೆ ಹೊಡದಾನ. ಮನ್ಯಾಗ ಆದ್ರ ಕೈಗೆ ಏನು ಸಿಗತೈತೋ ಅದ್ರಲೆ.”

“ನಿಂಗೇನು ಬೇಕು ಹೇಳು.”

“ಆ ಮನಿಗೆ ಹೋಗೋದು ಬ್ಯಾಡ. ಎಲ್ಲ್ಯಾರ ಒಂದು ಕಡೆ ಇಡ್ರಿ. ದುಡಕೊಂಡು ತಿಂತೀನಿ.”

“ತವರು?”

“ಅವ್ವ ಅಪ್ಪ ಇಬ್ರೂ ಹೋಗ್ಯಾರ. ಅಣ್ತಮ್ರು ಇಲ್ಲ. ಅದು ಅವಂಗ ಗೊತ್ತೈತಿ, ಅದಕ್ಕ ಹಿಂಗ ಆಡ್ತಾನ.”

ಅವಳು ಕೇಳಿದ್ದು ಅಷ್ಟೇ. ಕೋರ್ಟು ಬೇಕು ಅನ್ನಲಿಲ್ಲ, ಅವನನ್ನು ಜೈಲಿಗೆ ಹಾಕಿಸಿ ಅನ್ನಲಿಲ್ಲ. ಆ ಮನೆಗೆ ಹೋಗದೆ ಇರಲು ಒಂದು ದಾರಿ ಬೇಕಿತ್ತು. ಹೊಸಪೇಟೆಯಲ್ಲಿ ಇಂಥ ಹೆಂಗಸರನ್ನು ಇರಿಸಿಕೊಳ್ಳುವ ಒಂದು ವಸತಿ ಇದೆ. ನಾನು ಫೋನು ಮಾಡಿ ಜಾಗ ಮಾತಾಡಿದೆ. ಗಂಜಿ ಕೇಂದ್ರ ಮುಚ್ಚುವ ದಿನ ಬೆಳಿಗ್ಗೆ ನಮ್ಮ ಜೀಪು ಬರುತ್ತದೆ, ಅವಳು ಸುಮ್ಮನೆ ಬಂದು ಹತ್ತಿಕೊಳ್ಳಬೇಕು. ಈ ವಿಷಯ ಗೊತ್ತಿದ್ದದ್ದು ಅವಳಿಗೆ, ನನಗೆ, ಜೀಪು ಕೊಡಬೇಕಾಗಿದ್ದರಿಂದ ನಮ್ಮ ಮುಖ್ಯಸ್ಥರಿಗೆ.

ಮುಚ್ಚುವ ಹಿಂದಿನ ದಿನ ಸ್ಟೇಜಿನ ಮೇಲೆ ಟೇಬಲ್ಲು ಹಾಕಿ ಸಭೆ ಕರೆದರು. ಕಮಿಟಿಯವರು, ನಮ್ಮವರು, ಎಲ್ಲರಿಗೂ ಚಹಾ. ಯಾರ್‍ಯಾರು ಏನೇನು ಮಾಡಿದೆವು ಎಂದು ಹೇಳಿಕೊಳ್ಳುವ ಸಭೆ. ನಮ್ಮ ಮುಖ್ಯಸ್ಥರ ಸರದಿ ಬಂತು. ಅವರಿಗೆ ಏನಾದರೂ ಹೇಳಿಕೊಳ್ಳಬೇಕಿತ್ತು.

“ನಮ್ಮ ಕಡೆಯಿಂದ ಒಂದು ಕೇಸನ್ನ ನಾಳೆ ಹೊಸಪೇಟೆಗೆ ಶಿಫ್ಟ್ ಮಾಡ್ತಾ ಇದ್ದೀವಿ” ಎಂದರು. “ಗಂಡ ಹೊಡೀತಾನೆ. ಪಾಪ, ಮಕ್ಕಳೂ ಇಲ್ಲ.”

ನಾನು ಟೇಬಲ್ಲಿನ ಕೆಳಗೆ ಅವರ ಕಾಲು ತುಳಿದೆ. ಅವರು ನನಗೆ ಜಾಗ ಸಾಲದಾಯಿತೇನೋ ಎಂದುಕೊಂಡು ಕಾಲು ಆಚೆ ಇಟ್ಟುಕೊಂಡರು.

ಸಾಹುಕಾರರು ಚಹಾದ ಕಪ್ಪು ಕೆಳಗಿಟ್ಟರು. ಯಾರು ಎಂದು ಕೇಳಬೇಕಾಗಿಯೇ ಇರಲಿಲ್ಲ, ತಂಬಿಗೆಯ ಪೆಟ್ಟನ್ನು ಎಲ್ಲರೂ ಕಂಡಿದ್ದರು. “ನಮ್ಮ ಊರಿನ ಹೆಣ್ಮಗಳನ್ನ ಹಂಗ ಎತ್ತಿಕೊಂಡು ಹೋಗಾಕ ಆಗತೈತೇನ್ರಿ?” ಎಂದರು. “ಅನ್ನ ಹಾಕಿದ ಜಾಗದಾಗ ಒಂದು ಸಂಸಾರ ಮುರೀತು ಅಂದ್ರ ನಮ್ಗ ಚಲೋ ಹೆಸ್ರು ಬರ್ತೈತೇನ್ರಿ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಾ ನೋಡ್ತೀನಿ ಬಿಡ್ರಿ.”

ನಾನು ಎದ್ದು ನಿಂತು, ಅವನು ಉಣ್ಣುವಾಗಲೇ ಹೊಡೆದಿದ್ದಾನೆ, ಮಲಗುವ ತನಕ ಕಾಯಲಿಲ್ಲ ಎಂದೆ. ಯಾರೋ ನಕ್ಕರು. ಸಾಹುಕಾರರು ನಗಲಿಲ್ಲ. ಅವರು ಯೋಚಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. ನಾಳೆ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿ ಕಳಿಸೋಣ ಎಂದರು. ತವರಿನಿಂದ ಕಳಿಸಿದ ಹಾಗೆ. ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆ ಎಲ್ಲ ತಮ್ಮದೇ. ಆ ಹೆಣ್ಣುಮಗಳಿಗೆ ಮೊದಲು, ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿ. ಕಮಿಟಿಯ ಇಬ್ಬರು ಕಣ್ಣು ಒರೆಸಿಕೊಂಡರು. ನಮ್ಮ ಮುಖ್ಯಸ್ಥರು “ವಂಡರ್‌ಫುಲ್ ಸರ್, ಇದು ಜನರಿಂದಲೇ ಬಂದ ಐಡಿಯಾ” ಎಂದರು.

ಹೊರಗೆ ಬಂದ ಮೇಲೆ ಅವರನ್ನು ಹಿಡಿದೆ. ಹಂಪಿಯಲ್ಲಿ ಬೋರ್ಡಿನ ಮೇಲೆ ಬರೆದದ್ದು ಮರೆತು ಹೋಯಿತೇ ಎಂದು ಕೇಳಿದೆ. “ನಾನು ಹೆಸರು ಹೇಳಲಿಲ್ಲವಲ್ಲ” ಎಂದರು. ನಿಜವಾಗಿಯೂ ಹಾಗೇ ನಂಬಿದ್ದರು. ಕೆಟ್ಟವರ ಜೊತೆ ಜಗಳ ಆಡಬಹುದು, ತಾನು ಒಳ್ಳೆಯವನು ಎಂದು ಗಟ್ಟಿಯಾಗಿ ನಂಬಿದವರ ಜೊತೆ ಆಡುವುದು ಬಹಳ ಕಷ್ಟ.

ನಮ್ಮ ಕಡೆ ಉಡಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ದಕ್ಷಿಣದವರು ಮಡಿಲು ತುಂಬುವುದು ಎನ್ನುತ್ತಾರೆ. ಸೆರಗು ಒಡ್ಡಿ ನಿಂತ ಹೆಣ್ಣಿಗೆ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಎಲೆ ಅಡಿಕೆ ಹಾಕಿ ಗಂಡನ ಮನೆಗೆ ಕಳಿಸುವುದು. ಚೆಂದದ ಪದ್ಧತಿ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಯಾವ ಹೆಣ್ಣೂ ಒಲ್ಲೆ ಅನ್ನುವಂತಿಲ್ಲ. ಸೆರಗಿಗೆ ಅಕ್ಕಿ ಬಿತ್ತೆಂದರೆ ಹೊರಟೆ ಎಂದೇ ಅರ್ಥ. ನನಗೂ ತುಂಬಿದ್ದರು. ಸಂಡೂರಿನ ನಮ್ಮ ಮನೆಗೆ ಊದಿದ ಕೆನ್ನೆ ಹೊತ್ತುಕೊಂಡು ಬಂದವಳಿಗೆ ಅವ್ವ ರವೆಯ ಸಿರಾ ಮಾಡಿ ಉಣಿಸಿ, ಉಡಿ ತುಂಬಿ, ಬಸ್ಸು ಹತ್ತಿಸಿದ್ದಳು. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತ ಹೋಗುವಾಗ ಆ ಅಕ್ಕಿ ತೊಡೆಯ ಮೇಲೆ ಕಲ್ಲಿನಷ್ಟು ಭಾರವಾಗಿತ್ತು. ಗಂಡನ ಮನೆಯನ್ನು ಆಮೇಲೆ ನಾನು ಬಿಟ್ಟೆ. ಅವ್ವನ ಮೇಲೆ ಸಿಟ್ಟು ಇಳಿಯಲು ಬಹಳ ವರ್ಷ ಹಿಡಿಯಿತು, ಪೂರ್ತಿ ಇನ್ನೂ ಇಳಿದಿಲ್ಲ.

ನಾನು ಮುದುಕಿಯರ ಮೂಲೆಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ವಿಷಯ ಹೊರಗೆ ಬಿದ್ದಿದೆ, ತಪ್ಪು ನಮ್ಮ ಕಡೆಯದು, ಆದರೂ ಜೀಪು ಬರುತ್ತದೆ, ನೀನು ಒಲ್ಲೆ ಅನ್ನಬಹುದು, ನಾನು ಪಕ್ಕದಲ್ಲಿ ಇರುತ್ತೇನೆ ಎಂದೆ.

“ಹೆಂಗ ಒಲ್ಲೆ ಅನ್ಲಿ ಅಕ್ಕಾರ?” ಎಂದಳು. “ಅನ್ನ ಹಾಕ್ಯಾರ.”

ಹಸಿದಾಗ ಅನ್ನ ಹಾಕಿದ ಕೈ ಆಮೇಲೆ ಏನು ಕೇಳಿದರೂ ಇಲ್ಲ ಅನ್ನಲಾಗುವುದಿಲ್ಲ ಎಂಬುದನ್ನು ಗೆಸ್ಟ್‌ಹೌಸಿನಲ್ಲಿ ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ.

ಮರುದಿನ ಸ್ಟೇಜಿನ ಮೇಲೆ ಮದುವೆಯ ಕುರ್ಚಿಗಳನ್ನು ಒರೆಸಿ ಇಟ್ಟರು. ಉಡಿ ತುಂಬಲು ಸಾಹುಕಾರರ ಹೆಂಡತಿ ಬಂದರು. ಹಣೆ ತುಂಬ ಕುಂಕುಮ, ಮಾತು ಕಡಿಮೆ. ನನ್ನನ್ನು ಯಾರೂ ಕರೆಯಲಿಲ್ಲ, ಗಂಡನನ್ನು ಬಿಟ್ಟವಳ ಕೈ ಉಡಿಗೆ ಬರುವುದಿಲ್ಲ. ಕೆಳಗೆ ನಿಂತು ನೋಡಿದೆ. ಅವಳು ಸೆರಗು ಒಡ್ಡಿದಳು. ಸಾಹುಕಾರರ ಹೆಂಡತಿ ತಲೆ ಎತ್ತದೆ ಬೊಗಸೆ ಬೊಗಸೆ ಅಕ್ಕಿ ಹಾಕಿದರು. ಕಮಿಟಿಯವರು ಗಂಡನಿಗೆ ತಪ್ಪೊಪ್ಪಿಕೊ ಎಂದರು. ಅವನು ಇನ್ನು ಹೊಡೆಯುವುದಿಲ್ಲ ಎಂದು ಹೇಳಿ, ಬಗ್ಗಿ ಸಾಹುಕಾರರ ಕಾಲು ಮುಟ್ಟಿದ. ಪೆಟ್ಟು ತಿಂದವಳು ಇವಳು, ಕಾಲು ಮುಟ್ಟಿಸಿಕೊಂಡವರು ಅವರು. ಒಬ್ಬರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಸಾಹುಕಾರರು ಮೈಕು ಹಿಡಿದು ಹೇಳಿದರು: “ತವರಿಲ್ಲ ಅಂತ ಅಳಬ್ಯಾಡವ್ವ. ಇವತ್ತಿನಿಂದ ನಮ್ಮ ಮನೀನ ನಿನ್ನ ತವರುಮನಿ. ನಾನ ನಿಮ್ಮಪ್ಪ. ಏನರ ಆತಂದ್ರ ಸೀದಾ ಬಾ. ಮುಂದಿನ ವರ್ಷ ತೊಟ್ಲ ಕಟ್ಟಾಕ ಕರೀಬೇಕು ನಮ್ನ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮುಖ್ಯಸ್ಥರು ಅಡ್ಡ ಉದ್ದ ನಿಂತು ಫೋಟೊ ತೆಗೆದರು. ಅವಳು ಗಂಡನ ಹಿಂದೆ ತಗ್ಗಿನ ಓಣಿಯ ಕಡೆ ನಡೆದಳು, ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡು. ಜೀಪು ಹೊಸಪೇಟೆಗೆ ಖಾಲಿ ಬಂತು. ದಾರಿಯುದ್ದಕ್ಕೂ ನಾನು ಮುಖ್ಯಸ್ಥರ ಜೊತೆ ಮಾತಾಡಲಿಲ್ಲ, ಅವರು ಅದನ್ನು ದಣಿವು ಎಂದುಕೊಂಡರು.

ತಗ್ಗಿನ ಗದ್ದೆಗಳ ನೀರು ಇನ್ನೂ ಪೂರ್ತಿ ಬಸಿದಿರಲಿಲ್ಲ, ಒಂದು ಬೆಳಿಗ್ಗೆ ಸಾಹುಕಾರರ ಫೋನು ಬಂತು.

“ಮೇಡಂ, ನಿಮ್ಮ ಕೇಸು ನಮ್ಮ ಮನಿಗೆ ಬಂದು ಕುಂತೈತ್ರಿ. ಜಲ್ದಿ ಬಂದು ಕರಕೊಂಡು ಹೋಗ್ರಿ.”

ಸ್ಟೇಜಿನ ಮೇಲೆ ಮಗಳಾಗಿದ್ದವಳು ಫೋನಿನಲ್ಲಿ ನನ್ನ ಕೇಸಾಗಿದ್ದಳು. ಬಸ್ಸು ಹಿಡಿದು ಹೋದೆ. ಸಾಹುಕಾರರ ಮನೆಯ ಕಟ್ಟೆಯ ಮೇಲೆ ಅವಳು ನೆಟ್ಟಗೆ ಕುಳಿತಿದ್ದಳು. ಹುಬ್ಬು ಒಡೆದಿತ್ತು, ಎಡಗೈಯನ್ನು ಟವೆಲ್ಲಿನಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು. ಎದುರು ಮನೆಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಸಾಹುಕಾರರು ಪಡಸಾಲೆಯಲ್ಲಿ ಬನಿಯನ್ನಿನ ಮೇಲೆಯೇ ಆಚೆ ಈಚೆ ನಡೆಯುತ್ತಿದ್ದರು.

ಮೊದಲು ದವಾಖಾನೆಗೆ ನಡಿ, ಆಮೇಲೆ ಹೊಸಪೇಟೆಗೆ ಹೋಗೋಣ, ಜಾಗ ಇದೆ ಎಂದೆ.

“ಬರ್ತೀನ್ರಿ ಅಕ್ಕಾರ” ಎಂದಳು. “ಆದ್ರ ತವರಿಗೆ ಬಂದೀನಿ. ತವರುಮನಿಯವ್ರು ಮಾಡೋದು ಮಾಡ್ಲಿ ಮದ್ಲು.” ಒಳಗೆ ತಿರುಗಿ ಹೇಳಿದಳು: “ಅಪ್ಪಾ, ಸ್ಟೇಷನ್ನಿಗೆ ಬರ್ರಿ. ನಿಮ್ಮ ಮುಂದ ಹೊಡ್ಯಾಂಗಿಲ್ಲ ಅಂತ ಅಂದಾನ. ಹೊಡದಾನ. ಅಷ್ಟು ಹೇಳ್ರಿ ಸಾಕು.”

ಅವಳ ದನಿಯಲ್ಲಿ ಬೇಡುವುದು ಇರಲಿಲ್ಲ. ಕೊಟ್ಟ ಮಾತನ್ನು ವಸೂಲಿ ಮಾಡಲು ಬಂದವಳ ಹಾಗೆ ಇದ್ದಳು.

ಸಾಹುಕಾರರು ಕಟ್ಟೆಯ ತನಕ ಬಂದು ದನಿ ತಗ್ಗಿಸಿದರು. “ಅದೇನೋ ಆ ಹೊತ್ತಿಗೆ ಶಾಸ್ತ್ರಕ್ಕ ಅಂದ ಮಾತವ್ವ. ನಾನು ಸ್ಟೇಷನ್ ಮೆಟ್ಲ ಹತ್ತೋ ಮನುಷ್ಯ ಅಲ್ಲ. ಅಕ್ಕಿ ಬೇಕಾದ್ರ ಒಂದು ಚೀಲ ಒಯ್ಯಿ. ಅವಂಗ ನಾ ಕರೆಸಿ ಬುದ್ಧಿ ಹೇಳ್ತೀನಿ. ಸ್ವಲ್ಪ ತಾಳಿಕೊಂಡು ಹೋಗ್ಬೇಕು.”

ನಾನು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು. “ನಿಮ್ಮ ಹೊಟ್ಟ್ಯಾಗ ಹುಟ್ಟಿದಾಕಿ ಹಿಂಗ ಕೈ ಮುರಕೊಂಡು ಬಂದಿದ್ರೂ ಹಿಂಗ ಅಂತಿದ್ರೇನ್ರಿ?”

ಉತ್ತರ ಬಂದದ್ದು ಅಡಿಗೆಮನೆಯ ಬಾಗಿಲಿನಿಂದ. ಅವರ ಹೆಂಡತಿ ಅಲ್ಲಿ ನಿಂತಿದ್ದರು.

“ಅಂದಾರ” ಎಂದರು. “ಅಕೀಗೂ ಹಿಂಗ ಅಂದಾರ. ಹೊಸಪ್ಯಾಟ್ಯಾಗ ಕೊಟ್ಟೀವಿ ಅಕೀನ. ಬಂದಾಗೊಮ್ಮೆ ನಾ ಉಡಿ ತುಂಬಿ ಕಳಿಸೀನಿ, ಇದ ಕೈಲೆ. ಈಗ ಬರೋದ ಬಿಟ್ಟಾಳ.”

ಸಾಹುಕಾರರು, “ಒಳಗ ನಡಿಲೇ” ಎಂದರು. ಆ ದನಿ ನನಗೆ ಗೊತ್ತು. ಅದು ಯಾವ ಮನೆಯಲ್ಲಿದ್ದರೂ ಒಂದೇ ಥರ ಇರುತ್ತದೆ, ಮಿಲ್ಲು ಇರಲಿ, ಗುಡಿಸಲು ಇರಲಿ.

ಆಕೆ ಒಳಗೆ ಹೋದರು. ನಾನು ಮುಗಿಯಿತು ಎಂದುಕೊಂಡೆ. ಆದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮತ್ತೆ ಬಂದರು, ಗಂಡನನ್ನು ದಾಟಿ ಹೊಸ್ತಿಲಿನಾಚೆ ಚಪ್ಪಲಿ ಮೆಟ್ಟಿದರು. “ನಡೀಯವ್ವ” ಎಂದು ಅವಳ ಮುರಿಯದ ಕೈ ಹಿಡಿದು ಎಬ್ಬಿಸಿದರು. ಹಿಂದಿನಿಂದ ಸಾಹುಕಾರರು ಎಲ್ಲಿಗೆ, ಎಲ್ಲಿಗೆ ಎಂದು ಕೇಳುತ್ತಲೇ ಇದ್ದರು. ಆಕೆ ತಿರುಗಿ ನೋಡಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿದರು. ಠಾಣೆಯಲ್ಲಿ ತವರಿನ ಕಡೆಯವರು ಯಾರು ಎಂದು ಕೇಳಿದಾಗ ಆಕೆ, “ನಾನು. ನಾನ ಉಡಿ ತುಂಬಿ ಕಳಿಸಿದ್ದು. ಹೊಡಿತಾನ ಅಂತ ಗೊತ್ತಿದ್ದೂ ಕಳಿಸಿದೆ” ಎಂದರು. ಅಷ್ಟು ವರ್ಷ ಮಾತು ಕಡಿಮೆ ಇದ್ದ ಹೆಂಗಸು ಒಂದು ಮಾತನ್ನೂ ನುಂಗಲಿಲ್ಲ. ದೂರು ಬರೆದುಕೊಳ್ಳುತ್ತಿದ್ದ ಪೊಲೀಸರು ನಿಧಾನವಾಗಿ ಹೇಳಮ್ಮ ಎಂದರು.

ಹೊರಗೆ ಬಂದಾಗ ಮಧ್ಯಾಹ್ನ ಆಗಿತ್ತು. ನಾನು ಹೊಸಪೇಟೆಯ ವಸತಿಗೆ ಫೋನು ಮಾಡಿ, ಆಗ ಹೇಳಿದ್ದವಳು ಈಗ ಬರುತ್ತಿದ್ದಾಳೆ ಎಂದು ತಿಳಿಸುತ್ತಿದ್ದೆ. ಸಾಹುಕಾರರ ಹೆಂಡತಿ ಮನೆಯ ದಾರಿ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ನಿಂತಿದ್ದರು. ಫೋನು ಇಡಲು ಹೊರಟ ನನ್ನನ್ನು ಕೈ ಸನ್ನೆ ಮಾಡಿ ತಡೆದರು.

“ಇಡಬ್ಯಾಡ ತಡಿಯವ್ವ” ಎಂದರು. “ನನ್ನ ಮಗಳೂ ಹೊಸಪ್ಯಾಟ್ಯಾಗ ಅದಾಳ. ಇನ್ನೊಬ್ಬಾಕಿಗೆ ಜಾಗ ಐತೇನು ಕೇಳು.”